ಒಂಟಿಕಾಲಿನ ಅಭಿಮನ್ಯು: ಪಾಲಿಮರ್ ಕ್ಲೇ ಮೂರ್ತಿಯೊಂದರ ಒಳಹಂದರದ ಪ್ರಕರಣ ಅಧ್ಯಯನ

ಬಡಗುತಿಟ್ಟು ಯಕ್ಷಗಾನದ ಅಭಿಮನ್ಯು, ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟಿದ ವೇಷ. ಎಡಗಾಲ ಮೇಲೆ ನಿಂತು ಬಲಗಾಲನ್ನು ಮಂಡಿ ಮಡಚಿ ಸೊಂಟದ ಮಟ್ಟಕ್ಕೆ ಎತ್ತಿದ್ದಾನೆ. ಎಡಗೈ ಮುಂದಕ್ಕೆ ಚಾಚಿ ಬಿಲ್ಲು ಹಿಡಿದಿದೆ, ಬಲಗೈ ಬಾಣದೊಡನೆ ಹಿಂದಕ್ಕೆ ಸರಿದಿದೆ. ಅಂಗಾಲಿನಿಂದ ನೆತ್ತಿಗೆ 21 ಸೆಂ.ಮೀ., ಮುಂದಲೆ ಸೇರಿದರೆ 25 ಸೆಂ.ಮೀ. ಇಂಥ ಮೂರ್ತಿಯಲ್ಲಿ ಕಣ್ಣು, ಹುಬ್ಬು, ಭುಜಕೀರ್ತಿಯ ಕುಸುರಿಗಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದಿದೆ: ಇಷ್ಟೂ ಭಾರ ಒಂದೇ ಕಾಲಗಂಟಿನ ಮೇಲೆ ನಿಲ್ಲುವುದು ಹೇಗೆ? ತಂತಿ ಮತ್ತು ಫಾಯಿಲಿನ ಒಳಹಂದರಕ್ಕೆ ಪಾಲಿಮರ್ ಕ್ಲೇ ಮೆತ್ತಿ ಒಲೆಯಲ್ಲಿ ಬೇಯಿಸುವ ಈ ಮೂರ್ತಿಯನ್ನು ಎರಡು ಸಲ ಕಟ್ಟಲಾಯಿತು. ಮೊದಲನೆಯದು ಒಲೆಯಲ್ಲಿ ಕೆಟ್ಟಿತು. ಅದನ್ನು ಕೊಯ್ದು ನೋಡಿ, ಕಾರಣ ಹಿಡಿದು, ಎರಡನೆಯದನ್ನು ಕಟ್ಟಿದ ವಿವರ ಇಲ್ಲಿದೆ.

ಕೆಟ್ಟದ್ದು ಏನೇನು

ಮೊದಲ ಮೂರ್ತಿ ಒಲೆಯಿಂದ ಹೊರಬಂದಾಗ ನಾಲ್ಕು ದೋಷ ಕಂಡವು. ಇಡೀ ದೇಹ ಮುಂದಕ್ಕೆ ವಾಲಿತ್ತು. ನೆತ್ತಿಯ ಬಳಿ ಅಳೆದರೆ 14 ಮಿ.ಮೀ. ಎಡಗಾಲಗಂಟಿನ ಸುತ್ತ ಬಳೆ ತೊಡಿಸಿದ ಹಾಗೆ ಒಂದು ಬಿರುಕು, ಎತ್ತಿದ ಕಾಲಿನ ಮಂಡಿಯ ಹಿಂದೆ ಇನ್ನೊಂದು. ಎದೆಕಟ್ಟಿನ ಕೆಳಗೆ ತೊಗರಿಕಾಳಿನ ಗಾತ್ರದ ಉಬ್ಬು. ಮುಂದಲೆಯ ತುದಿ ಕಂದಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಇವು ನಾಲ್ಕೂ ಬೇರೆ ಬೇರೆ ತಪ್ಪುಗಳಂತೆ ಕಂಡರೂ, ಕೊನೆಯದೊಂದನ್ನು ಬಿಟ್ಟರೆ ಉಳಿದ ಮೂರಕ್ಕೂ ಮೂಲ ಒಳಗಿನ ತಂತಿ ಮತ್ತು ಫಾಯಿಲಿನಲ್ಲೇ ಇತ್ತು.

ಸೂಚನೆ ಮೊದಲೇ ಸಿಕ್ಕಿತ್ತು ಎಂಬುದನ್ನೂ ದಾಖಲಿಸಬೇಕು. ಮುಖ ತಿದ್ದುವಾಗ ಕಡ್ಡಿಯ ಪ್ರತಿ ಒತ್ತಿಗೂ ಮೂರ್ತಿ ತೊನೆಯುತ್ತಿತ್ತು. ಮೀನಖಂಡದ ಕ್ಲೇ ತಂತಿಯ ಸುತ್ತ ಕೊಳವೆಯ ಹಾಗೆ ತಿರುಗುತ್ತಿತ್ತು. ಕಾಲಗಂಟಿನ ಬಳಿ ಹಸಿ ಕ್ಲೇಯಲ್ಲೇ ಕೂದಲೆಳೆಯ ಸೀಳು ಮೂಡುತ್ತಿತ್ತು; ಬೆರಳಿನಿಂದ ಸವರಿ ಮುಚ್ಚಿದರೆ ಅರ್ಧ ಗಂಟೆಯಲ್ಲಿ ಮತ್ತೆ ಬರುತ್ತಿತ್ತು. ಕೆಲಸ ನಿಲ್ಲಿಸಬೇಕಾದದ್ದು ಆ ಹೊತ್ತಿನಲ್ಲಿ. ಹಸಿಯಲ್ಲಿ ಅಲುಗಾಡುವ ಮೂರ್ತಿ ಬೆಂದ ಮೇಲೆ ಸರಿಯಾಗುವುದಿಲ್ಲ.

ಕೊಯ್ದು ನೋಡಿದಾಗ

ಹ್ಯಾಕ್ಸಾ ಅಲಗಿನಿಂದ ಮೂರು ಕಡೆ ಅಡ್ಡ ಕೊಯ್ಯಲಾಯಿತು: ಕಾಲಗಂಟು, ಮಂಡಿ, ಎದೆ. ಕಾಲಗಂಟಿನಲ್ಲಿ 16 ಗೇಜಿನ, ಎಂದರೆ 1.6 ಮಿ.ಮೀ. ದಪ್ಪದ ಒಂದೇ ಅಲ್ಯೂಮಿನಿಯಂ ತಂತಿ. ನುಣುಪಾದ ದುಂಡು ತಂತಿ, ಮೇಲೆ ಏನೂ ಸುತ್ತಿಲ್ಲ. ಕ್ಲೇಗೂ ತಂತಿಗೂ ನಡುವೆ ಹಾಳೆ ತೂರುವಷ್ಟು ಸಂದು. ಮಂಡಿಯಲ್ಲಿ ತಂತಿ ನಡುವಿನಲ್ಲಿರದೆ ಹಿಂದಕ್ಕೆ ಸರಿದು ಚರ್ಮದಿಂದ ಬರೀ 1 ಮಿ.ಮೀ. ಒಳಗಿತ್ತು. ಬಿರುಕು ಬಿಟ್ಟದ್ದು ಸರಿಯಾಗಿ ಅದೇ ಗೆರೆಯಲ್ಲಿ. ಎದೆಯೊಳಗೆ ಫಾಯಿಲ್ ಇತ್ತು, ಆದರೆ ಕೈಯಲ್ಲಿ ಮುದ್ದೆ ಮಾಡಿ ಹಾಗೇ ಸುತ್ತಿದ್ದು. ಅಡ್ಡಕೊಯ್ತದಲ್ಲಿ ಕಡಲೆಕಾಳು ಹಿಡಿಸುವಷ್ಟು ಟೊಳ್ಳುಗಳು. ಸೊಂಟದಲ್ಲಿ ಫಾಯಿಲೇ ಇಲ್ಲ. ಕಸೆ ಸೀರೆಯ ದಪ್ಪ ಬರಲೆಂದು 22 ಮಿ.ಮೀ. ಗಟ್ಟಿ ಕ್ಲೇ ತುಂಬಲಾಗಿತ್ತು. ಒಟ್ಟು ತೂಕ 410 ಗ್ರಾಂ.

ತಂತಿಯ ಕೆಳತುದಿಯನ್ನು ಪ್ಲೈವುಡ್ ಪೀಠದ 8 ಮಿ.ಮೀ. ಆಳದ ತೂತಿಗೆ ಇಳಿಸಿ ಸೂಪರ್ ಗ್ಲೂ ಹಾಕಲಾಗಿತ್ತು. ಅದು ಅಂಟಿನಿಂದ ಬಿಟ್ಟು ಸಡಿಲವಾಗಿತ್ತು.

ಏಕೆ ವಾಲಿತು

ಪಾಲಿಮರ್ ಕ್ಲೇಗೆ ಮಣ್ಣೆಂಬ ಹೆಸರಿದೆಯೇ ಹೊರತು ಅದರಲ್ಲಿ ಮಣ್ಣಿಲ್ಲ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಪುಡಿಯನ್ನು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವದಲ್ಲಿ ಕಲಸಿದ ಮುದ್ದೆ ಅದು. ಬಿಸಿಗೆ ಪುಡಿಯ ಕಣಗಳು ಆ ದ್ರವವನ್ನು ಹೀರಿ ಒಂದಕ್ಕೊಂದು ಬೆಸೆಯುತ್ತವೆ. ಚೌತಿಯ ಗಣಪತಿಯ ಜೇಡಿಮಣ್ಣಿನಲ್ಲಿ ಕೈ ಪಳಗಿದವರು ಇಲ್ಲಿ ಹೆಚ್ಚಾಗಿ ಎಡವುತ್ತಾರೆ. ಜೇಡಿಮಣ್ಣಿನಲ್ಲಿ ನೀರು ಆರಿದಂತೆಲ್ಲ ಮೂರ್ತಿ ಗಟ್ಟಿಯಾಗುತ್ತ ಹೋಗುತ್ತದೆ. ಪಾಲಿಮರ್ ಕ್ಲೇ ಒಲೆಯಲ್ಲಿ ಮೊದಲು ಹಸಿಯಲ್ಲಿದ್ದದ್ದಕ್ಕಿಂತ ಮೆತ್ತಗಾಗುತ್ತದೆ, ಬೆಂದ ಮೇಲೂ ಬಿಸಿ ಇರುವಷ್ಟು ಹೊತ್ತು ರಬ್ಬರಿನ ಹಾಗೆ ಬಾಗುತ್ತದೆ. ನಿಜವಾದ ಗಟ್ಟಿತನ ಬರುವುದು ತಣಿದಾಗ. ಹಾಗಾಗಿ ಒಲೆಯೊಳಗಿನ ಅಷ್ಟೂ ಹೊತ್ತು ಮೂರ್ತಿಯನ್ನು ಹೊರುವುದು ತಂತಿ ಒಂದೇ. ಒಳಹಂದರವನ್ನು ಅಳೆಯಬೇಕಾದದ್ದು ಆ ಗಳಿಗೆಗೆ: 130 ಡಿಗ್ರಿ ಬಿಸಿಯಲ್ಲಿ, ಕ್ಲೇಯಿಂದ ಯಾವ ಸಹಾಯವೂ ಇಲ್ಲದೆ, ಪೂರ್ತಿ ಭಾರ ಹೊತ್ತು ಅದು ನಿಲ್ಲಬೇಕು.

ಮೊದಲ ಮೂರ್ತಿಯ ಕೊರಳ ಗುಳಿಯಿಂದ ದಾರಕ್ಕೆ ಸಣ್ಣ ನಟ್ಟು ಕಟ್ಟಿ ತೂಗುಗುಂಡು ಇಳಿಬಿಟ್ಟರೆ ಅದು ಕಾಲಗಂಟಿಗಿಂತ 18 ಮಿ.ಮೀ. ಮುಂದೆ ಬೀಳುತ್ತಿತ್ತು. ಭಾರವಾದ ಬಲತೊಡೆ ಮುಂದೆ, ಬಿಲ್ಲಿನ ಕೈ ಮುಂದೆ, ಮುಂದಲೆಯೂ ತುಸು ಮುಂದೆ. ತಂತಿಯನ್ನು ಬಗ್ಗಿಸುವ ಬಲವೆಂದರೆ ತೂಕವನ್ನು ಈ ದೂರದಿಂದ ಗುಣಿಸಿದ್ದು: 410 ಗ್ರಾಂ, 1.8 ಸೆಂ.ಮೀ., ಸುಮಾರು 740 ಗ್ರಾಂ-ಸೆಂ.ಮೀ. ಮೆತ್ತನೆಯ 1.6 ಮಿ.ಮೀ. ಅಲ್ಯೂಮಿನಿಯಂಗೆ ಅದು ಮೀರಿದ ಹೊರೆ. ಜೊತೆಗೆ ಸಾಮಾನ್ಯ ಸೂಪರ್ ಗ್ಲೂ ಸುಮಾರು 80 ಡಿಗ್ರಿ ದಾಟಿದರೆ ಹಿಡಿತ ಕಳೆದುಕೊಳ್ಳುತ್ತದೆ. ಪೀಠವೂ ಬಿಟ್ಟಿತು, ಗಂಟೂ ಬಗ್ಗಿತು.

ತಂತಿ ಆಯುವಾಗ ಒಂದು ಲೆಕ್ಕ ಮನಸ್ಸಿನಲ್ಲಿದ್ದರೆ ಅರ್ಧ ತಪ್ಪು ತಪ್ಪುತ್ತದೆ. ದುಂಡು ತಂತಿಯ ಬಿಗಿತ ಅದರ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. 1.6 ಮಿ.ಮೀ. ಬದಲು 3.2 ಮಿ.ಮೀ. ಹಾಕಿದರೆ ಬಿಗಿತ ಎರಡು ಪಟ್ಟಲ್ಲ, 16 ಪಟ್ಟು. ಅದೇ 1.6ರ ಎರಡು ಎಳೆ ಹೊಸೆದರೆ ಸಿಗುವುದು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಹೊಸೆಯುವುದರ ನಿಜವಾದ ಲಾಭ ಬೇರೆ: ಹುರಿಯ ತಿರುವುಗಳಿಗೆ ಕ್ಲೇ ಕಚ್ಚಿಕೊಳ್ಳುತ್ತದೆ, ಸುತ್ತ ತಿರುಗುವುದಿಲ್ಲ. ಇನ್ನು ಉಕ್ಕು ಅದೇ ದಪ್ಪದ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಿಗಿ. ನಿಲ್ಲುವ ಕಾಲಿಗೆ ಅಲ್ಯೂಮಿನಿಯಂ ಬಿಟ್ಟು ಉಕ್ಕಿಗೆ ಹೋದದ್ದು ಇದೇ ಕಾರಣಕ್ಕೆ.

ಬಿರುಕು ಮತ್ತು ಉಬ್ಬು

ಕಾದಾಗ ತಂತಿಯೂ ಹಿಗ್ಗುತ್ತದೆ, ಕ್ಲೇಯೂ ಹಿಗ್ಗುತ್ತದೆ. ತಣಿಯುವಾಗ ಬೆಂದ ಕ್ಲೇ ಲೋಹಕ್ಕಿಂತ ಹೆಚ್ಚು ಕುಗ್ಗುತ್ತದೆ. ಒಳಗಿನ ತಂತಿ ಅಷ್ಟು ಕುಗ್ಗದ ಕಾರಣ ಮೇಲಿನ ಪದರ ಬಿಗಿಯಾದ ಬಳೆಯಂತೆ ಎಳೆತಕ್ಕೆ ಸಿಕ್ಕುತ್ತದೆ. ಪದರ ದಪ್ಪಗಿದ್ದರೆ ತಡೆದುಕೊಳ್ಳುತ್ತದೆ, 1 ಮಿ.ಮೀ. ಇದ್ದರೆ ಸೀಳುತ್ತದೆ. ಈ ಗಾತ್ರದ ಮೂರ್ತಿಯಲ್ಲಿ ತಂತಿಯ ಸುತ್ತ ಎಲ್ಲ ಕಡೆ ಕನಿಷ್ಠ 2.5ರಿಂದ 3 ಮಿ.ಮೀ. ಕ್ಲೇ ಬೇಕು. ಕಾಲಗಂಟಿನಲ್ಲಿ ಇದರ ಜೊತೆಗೆ ತಂತಿಯ ಬಾಗೂ ಸೇರಿತು: ಕ್ಲೇ ಹಿಡಿದುಕೊಳ್ಳುವ ಹೊತ್ತಿಗೆ ತಂತಿ ನಿಧಾನವಾಗಿ ಮುಂದಕ್ಕೆ ಬಗ್ಗುತ್ತಿತ್ತು, ಹಿಂಬದಿಯ ಪದರ ಹರಿಯಿತು, ಸೀಳು ಸುತ್ತ ಹಬ್ಬಿತು.

ಎದೆಯ ಉಬ್ಬು ಗಾಳಿಯದು. 30 ಡಿಗ್ರಿಯ ಗಾಳಿಯನ್ನು 130ಕ್ಕೆ ಕಾಯಿಸಿದರೆ ಅದರ ಗಾತ್ರ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಸುತ್ತಲಿನ ಕ್ಲೇ ಮೆತ್ತಗಾಗಿರುವ ಹೊತ್ತಿಗೇ ಅದು ಹೊರಕ್ಕೆ ತಳ್ಳುತ್ತದೆ. ಸಡಿಲ ಫಾಯಿಲಿನ ಟೊಳ್ಳುಗಳೇ ಆ ಗಾಳಿಯ ಮನೆ.

ಮುಂದಲೆ ಕಂದಿದ್ದು ಮಾತ್ರ ಒಲೆಯ ತಪ್ಪು. ಒಟಿಜಿ ಎಂಬ ವಿದ್ಯುತ್ ಒಲೆಯೊಳಗೆ ಜಾಲರಿಯಿಂದ ಮೇಲಿನ ಕಾಯುವ ಕಡ್ಡಿಗೆ ಇದ್ದದ್ದು 29 ಸೆಂ.ಮೀ. ಪೀಠ ಸೇರಿ ಮೂರ್ತಿ 27. ತುದಿಗೂ ಕಡ್ಡಿಗೂ 2 ಸೆಂ.ಮೀ. ಅಂತರ. ಗುಂಡಿಯಲ್ಲಿ 130 ಎಂದಿದ್ದರೂ ತುದಿಯ ಬಳಿ ಬಿಸಿ ಬಹಳ ಹೆಚ್ಚಿತ್ತು. ಪಿವಿಸಿ ಮಿತಿಮೀರಿ ಕಾದರೆ ಕಂದುತ್ತದೆ. ಇನ್ನೂ ಏರಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಘಾಟು ಅನಿಲ ಬಿಡುತ್ತದೆ, ಅದು ಉಸಿರಿಗೆ ಕೆಟ್ಟದ್ದು. ಕಂದಿದ ವಾಸನೆ ಬಂದ ತಕ್ಷಣ ಒಲೆ ಆರಿಸಿ ಕಿಟಕಿ ತೆರೆಯಬೇಕು.

ಎರಡನೆಯ ಮೂರ್ತಿ: ಚಿತ್ರದಿಂದ ಶುರು

ಗ್ರಾಫ್ ಹಾಳೆಯಲ್ಲಿ ಮೂರ್ತಿಯ ಅಸಲು ಗಾತ್ರದ ಎರಡು ಚಿತ್ರ, ಒಂದು ಎದುರಿನದು, ಇನ್ನೊಂದು ಪಕ್ಕದ್ದು. ಪಕ್ಕದ ಚಿತ್ರವನ್ನು ಬಿಟ್ಟುಬಿಡುವವರೇ ಹೆಚ್ಚು, ವಾಲುವ ಮೂರ್ತಿಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ತಲೆ 3 ಸೆಂ.ಮೀ., ಅದರ ಏಳು ಪಟ್ಟು ದೇಹ. ಕೀಲಿನಿಂದ ಕೀಲಿಗೆ ಅಳತೆ ಹೀಗೆ: ತೊಡೆ 51 ಮಿ.ಮೀ., ಮೊಣಕಾಲಿನಿಂದ ಕಾಲಗಂಟಿಗೆ 52, ಗಂಟಿನಿಂದ ನೆಲಕ್ಕೆ 8, ಪಾದದ ಉದ್ದ 32, ಭುಜದಿಂದ ಮೊಣಕೈಗೆ 39, ಅಲ್ಲಿಂದ ಮಣಿಕಟ್ಟಿಗೆ 31, ಹಸ್ತ 23. ಭುಜದ ಕೀಲುಗಳ ನಡುವೆ 42, ಸೊಂಟದ ಕೀಲುಗಳ ನಡುವೆ 20.

ಸಮತೋಲವನ್ನು ಕಾಗದದ ಮೇಲೇ ಸರಿಪಡಿಸಿಕೊಳ್ಳಬೇಕು. ಒಂದು ಕಾಲಲ್ಲಿ ನಿಂತವನ ಕೊರಳ ಗುಳಿ ನಿಂತ ಪಾದದ ನೇರಕ್ಕೆ ಬರಬೇಕು. ಸೊಂಟವನ್ನು ಎಡಕ್ಕೆ ದೂಡಿ ಎಡಬದಿಯನ್ನು ಸ್ವಲ್ಪ ಏರಿಸಿ, ಎದುರಾಗಿ ಎಡಭುಜವನ್ನು ಇಳಿಸಿದಾಗ, ಮೇಲ್ದೇಹವನ್ನು 6 ಡಿಗ್ರಿಯಷ್ಟು ಹಿಂದಕ್ಕೆ ವಾಲಿಸಿದಾಗ ತೂಗುಗೆರೆ ಕಾಲಗಂಟಿನಿಂದ 4 ಮಿ.ಮೀ. ಮುಂದಕ್ಕೆ ಬಂದು ನಿಂತಿತು. ಅದು ಅಂಗಾಲಿನ ಹರವಿನೊಳಗೇ ಇದೆ. ಹಿಂದಕ್ಕೆ ಸರಿದ ಎದೆ ವೇಷದ ಠೀವಿಗೂ ಒಪ್ಪಿತು. ರಂಗದ ಮೇಲೆ ನಿಜವಾದ ಕಲಾವಿದನೂ ಕಾಲೆತ್ತುವಾಗ ಭಾರವನ್ನು ಹೀಗೇ ಸರಿಸಿಕೊಳ್ಳುತ್ತಾನೆ. ತೂಕ ಸರಿಯಾಗಿ ಕೂತ ಭಂಗಿ ಕಣ್ಣಿಗೂ ಸರಿಯಾಗಿಯೇ ಕಾಣುತ್ತದೆ.

ತಂತಿಗಳು

ಮುಖ್ಯ ತಂತಿ 12 ಗೇಜಿನ ಜಿಐ (ಸತು ಲೇಪಿಸಿದ ಉಕ್ಕು), 2.64 ಮಿ.ಮೀ. ದಪ್ಪ, 28 ಸೆಂ.ಮೀ. ಉದ್ದ. ಪೀಠದ ಕೆಳಗಿನಿಂದ ಹಿಮ್ಮಡಿ, ಎಡಗಾಲು, ಸೊಂಟ, ಬೆನ್ನು, ಕೊರಳು ಹಾದು ತಲೆಯ ನಡುವಿನವರೆಗೆ ಒಂದೇ ಎಳೆ, ನಡುವೆ ಎಲ್ಲೂ ಜೋಡಣೆಯಿಲ್ಲ. ದಪ್ಪ ಮತ್ತು ಉಕ್ಕು ಎರಡನ್ನೂ ಲೆಕ್ಕ ಹಾಕಿದರೆ ಮೊದಲ ಮೂರ್ತಿಯ ತಂತಿಗಿಂತ ಸುಮಾರು 20 ಪಟ್ಟು ಬಿಗಿ. ಇದು ಕೈಯಲ್ಲಿ ಬಗ್ಗುವುದಿಲ್ಲ. ವೈಸಿನಲ್ಲಿ ಹಿಡಿದು ಇಕ್ಕಳದಿಂದ ಬಗ್ಗಿಸಬೇಕು, ಬಗ್ಗಿಸಿದ್ದನ್ನು ಪ್ರತಿ ಸಲ ಚಿತ್ರದ ಮೇಲಿಟ್ಟು ನೋಡಬೇಕು. ಮಂಡಿಯಲ್ಲಿ ಚೂಪು ಮೂಲೆ ಮಾಡದೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ತಿರುವು ಕೊಡಬೇಕು. ಬೆನ್ನು ನೇರ ಕೋಲಾದರೆ ಮೂರ್ತಿಯೂ ಕೋಲಾಗುತ್ತದೆ. ಸೊಂಟದಲ್ಲಿ ಒಳಕ್ಕೆ, ಎದೆಯ ಹಿಂದೆ ಹೊರಕ್ಕೆ ಮೆಲ್ಲಗೆ ಬಳುಕಿರಬೇಕು.

2.64 ಮಿ.ಮೀ. ತಂತಿ ಕಾಲಗಂಟಿನಲ್ಲಿ ಹಿಡಿಸುತ್ತದೆಯೇ? ಬರಿಗಾಲಿನ ಮೂರ್ತಿಯಾಗಿದ್ದರೆ ಕಷ್ಟ. ಈ ಅಳತೆಯಲ್ಲಿ ಗಂಟಿನ ದಪ್ಪವೇ 8 ಮಿ.ಮೀ. ಆಸುಪಾಸು. ಇಲ್ಲಿ ವೇಷವೇ ಕೈಹಿಡಿಯಿತು. ಅಭಿಮನ್ಯುವಿನ ಕಾಲಿಗೆ ಗೆಜ್ಜೆಯಿದೆ, ಕಾಲ್ಕಡಗವಿದೆ. ಗೆಜ್ಜೆಪಟ್ಟಿ ಸೇರಿದರೆ ಅಲ್ಲಿ 13 ಮಿ.ಮೀ. ದಪ್ಪ ಸಿಗುತ್ತದೆ. ತಂತಿಯ ಸುತ್ತ 5 ಮಿ.ಮೀ. ಕ್ಲೇ, ನೋಡುವವರಿಗೆ ಗೆಜ್ಜೆಯೇ ಹೊರತು ಆಧಾರ ಕಾಣುವುದಿಲ್ಲ. ಕಸೆ ಸೀರೆ, ಭುಜಕೀರ್ತಿ, ತೋಳ್ಕಟ್ಟು ಎಲ್ಲವನ್ನೂ ಹೀಗೆ ನೋಡುವುದು ಲೇಸು: ಯಾವ ಕೀಲನ್ನು ಯಾವ ಆಭರಣ ಮುಚ್ಚುತ್ತದೆ, ಅಲ್ಲಿ ಎಷ್ಟು ಲೋಹ ಅಡಗಿಸಬಹುದು ಎಂದು.

ಒಂದು ತಂತಿ ಒಂದು ತೂತಿನಲ್ಲಿ ನಿಂತರೆ ಬುಗುರಿಯ ಹಾಗೆ ತಿರುಗುತ್ತದೆ. ಅದಕ್ಕೆ 14 ಗೇಜಿನ, 2 ಮಿ.ಮೀ. ಜಿಐ ತುಂಡೊಂದನ್ನು ಮೊಣಕಾಲಿನ ಕೆಳಗೆ 25 ಮಿ.ಮೀ. ಉದ್ದಕ್ಕೆ ಮುಖ್ಯ ತಂತಿಗೆ ಒರಗಿಸಿ ಕಟ್ಟಿ, ಗಂಟಿನಲ್ಲಿ ಮುಂದಕ್ಕೆ ಬಗ್ಗಿಸಿ, ಹೆಬ್ಬೆರಳಿನ ಬುಡದಲ್ಲಿ ಪೀಠಕ್ಕೆ ಇಳಿಸಲಾಯಿತು. ಹಿಮ್ಮಡಿಯಲ್ಲಿ ಒಂದು, ಮುಂಗಾಲಿನಲ್ಲಿ ಒಂದು, ನಡುವೆ 20 ಮಿ.ಮೀ. ಅಂತರದ ಕವೆ. ವಾಲುವುದನ್ನೂ ತಿರುಗುವುದನ್ನೂ ಈ ಕವೆಯೊಂದೇ ತಡೆಯುತ್ತದೆ.

ಎತ್ತಿದ ಕಾಲಿಗೆ 16 ಗೇಜಿನ ಅಲ್ಯೂಮಿನಿಯಂ ತಂತಿ 42 ಸೆಂ.ಮೀ. ಕತ್ತರಿಸಿ, ನಡುವೆ ಮಡಚಿ, ಮಡಿಕೆಯನ್ನು ಡ್ರಿಲ್ಲಿಗೆ ಸಿಕ್ಕಿಸಿದ ಕೊಕ್ಕೆಗೆ ಹಾಕಿ ಹೊಸೆಯಬೇಕು. ಸೆಂಟಿಮೀಟರಿಗೆ ಒಂದು ತಿರುವು ಸಾಕು. ಹೆಚ್ಚು ಹೊಸೆದರೆ ಅಲ್ಯೂಮಿನಿಯಂ ಗಡಸಾಗಿ, ಭಂಗಿ ಕೊಡುವಾಗ ಪಟ್ಟನೆ ಮುರಿಯುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿ ನೇರ ಮಾಡಿದರೂ ಹಾಗೇ. ಕೈಗಳಿಗೆ ಇದೇ ರೀತಿ 50 ಸೆಂ.ಮೀ. ತಂತಿಯ ಹುರಿ, ಎಡ ಮಣಿಕಟ್ಟಿನಿಂದ ಭುಜದ ಮೂಲಕ ಬಲ ಮಣಿಕಟ್ಟಿನವರೆಗೆ ಒಂದೇ ತುಂಡು. ಬೆರಳುಗಳಿಗೆ ತಂತಿ ಬೇಡ. 2 ಮಿ.ಮೀ. ದಪ್ಪದ ಬೆರಳಿನೊಳಗೆ ತಂತಿ ಹೋದರೆ ಉಳಿಯುವ ಪದರ ಖಂಡಿತ ಸೀಳುತ್ತದೆ. ಎರಡು ಕೈಯೂ ಮುಷ್ಟಿ ಹಿಡಿದಿರುವುದರಿಂದ ಅದರ ಅಗತ್ಯವೂ ಇಲ್ಲ. ಬಿಲ್ಲು 18 ಗೇಜಿನ ಜಿಐ ತಂತಿ; ಅದು ಮುಷ್ಟಿಯ ಮೂಲಕ ಹಾದು ತಾನೇ ಕೈಗೆ ಬಲ ಕೊಡುತ್ತದೆ.

ಕಟ್ಟು

ಸೊಂಟದಲ್ಲಿ ಬಲಗಾಲಿನ ಹುರಿಯನ್ನು 10 ಮಿ.ಮೀ. ಅಡ್ಡ ತಂದು ಬೆನ್ನಿನ ತಂತಿಯ ಜೊತೆ 30 ಮಿ.ಮೀ. ಮೇಲಕ್ಕೆ ಓಡಿಸಬೇಕು. ಭುಜದ ಹುರಿಯನ್ನು ಬೆನ್ನಿನ ತಂತಿಗೆ ಒಂದು ಸುತ್ತು ಹಾಕಿ ಬಿಗಿಯಬೇಕು. ಎರಡೂ ಕಡೆ 22 ಗೇಜಿನ ಕಟ್ಟುತಂತಿಯನ್ನು ಇಕ್ಕಳದಿಂದ ಎಳೆದೆಳೆದು, ಸುತ್ತಿಗೆ ಸುತ್ತು ತಾಗುವಂತೆ, 15 ಮಿ.ಮೀ. ಉದ್ದಕ್ಕೆ ಸುತ್ತಬೇಕು. ಆಮೇಲೆ ಎಪಾಕ್ಸಿ ಪುಟ್ಟಿ, ಎಂ-ಸೀಲ್ ಬಗೆಯದು, ಮೆತ್ತಿ ರಾತ್ರಿಯಿಡೀ ಬಿಡಬೇಕು.

ಇಲ್ಲಿ ಒಂದು ಭ್ರಮೆಯನ್ನು ಬಿಡಿಸಬೇಕು. ಪುಟ್ಟಿ ಹಾಕಿದ್ದೇವೆ, ಇನ್ನು ಕಟ್ಟು ಸಡಿಲವಿದ್ದರೂ ನಡೆಯುತ್ತದೆ ಎಂದುಕೊಳ್ಳುವುದುಂಟು. ಕೋಣೆಯ ಬಿಸಿಯಲ್ಲಿ ಗಟ್ಟಿಯಾಗುವ ಎಪಾಕ್ಸಿ ಒಲೆಯ ಬಿಸಿಯಲ್ಲಿ ಸಾಕಷ್ಟು ಮೆದುವಾಗುತ್ತದೆ. ಭಾರ ಹೊರಬೇಕಾದದ್ದು ಕಟ್ಟುತಂತಿ. ಪುಟ್ಟಿಯ ಕೆಲಸ ಕಟ್ಟು ಜಾರದಂತೆ ನೋಡಿಕೊಳ್ಳುವುದು ಮತ್ತು ಕ್ಲೇಗೆ ಒರಟು ಮೈ ಕೊಡುವುದು ಅಷ್ಟೇ. ಪುಟ್ಟಿ ಹಾಕುವ ಮೊದಲೇ ಕೀಲು ಅಲುಗದಂತಿರಬೇಕು.

ಎಡಗಾಲು ಮತ್ತು ಬೆನ್ನಿನ ನುಣುಪು ತಂತಿಯ ಮೇಲೂ ಅದೇ ಕಟ್ಟುತಂತಿಯನ್ನು 4 ಮಿ.ಮೀ. ಅಂತರದಲ್ಲಿ ಬಳ್ಳಿಯಂತೆ ಸುತ್ತಿದ್ದರಿಂದ ಮೀನಖಂಡ ತಿರುಗುವ ತೊಂದರೆ ಪೂರ್ತಿ ನಿಂತಿತು.

ಕೆಲಸದ ಪೀಠ 9 ಸೆಂ.ಮೀ. ಚೌಕದ, 25 ಮಿ.ಮೀ. ದಪ್ಪದ ಗಟ್ಟಿಮರದ ತುಂಡು. ಅದನ್ನು ತೂತು ಕೊರೆಯುವ ಮೊದಲೇ 120 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಬೇಕು. ಕರಾವಳಿಯ ಹವೆಯಲ್ಲಿ ಮರದೊಳಗೆ ತೇವ ಇದ್ದೇ ಇರುತ್ತದೆ. ಅದು ಒಲೆಯಲ್ಲಿ ಹೊರಬರುವಾಗ ಮರ ಸೊಟ್ಟಗಾಗಿ ತೂತು ಸಡಿಲವಾಗುತ್ತದೆ. ತಂತಿಗಳು ಪೀಠವನ್ನು ಪೂರ್ತಿ ಹಾದು ಕೆಳಗೆ 10 ಮಿ.ಮೀ. ಇಣುಕಬೇಕು. ಇಣುಕಿದ ತುದಿಗಳನ್ನು ಕೆಳಗೆ ಕೊರೆದ ತೋಡಿನಲ್ಲಿ ಎದುರುಬದುರಾಗಿ ಮಡಚಿದರೆ ಅಂಟೇ ಬೇಡ.

ಅಕ್ಕಿ ಚೀಲದ ಪರೀಕ್ಷೆ

ಕ್ಲೇ ಮುಟ್ಟುವ ಮೊದಲು ಮಾಡಬೇಕಾದ ಪರೀಕ್ಷೆ ಇದು, ಇಡೀ ಪ್ರಕರಣದಲ್ಲಿ ಅತಿ ಮುಖ್ಯವೂ ಹೌದು. ಅರ್ಧ ಕಿಲೋ ಅಕ್ಕಿಯನ್ನು ಸಣ್ಣ ಚೀಲಕ್ಕೆ ತುಂಬಿ ಕೊರಳ ತಂತಿಗೆ ತೂಗುಹಾಕಬೇಕು. ಎತ್ತಿದ ಮಂಡಿಗೆ 80 ಗ್ರಾಂ, ಚಾಚಿದ ಮಣಿಕಟ್ಟಿಗೆ 30 ಗ್ರಾಂ. ಎಲ್ಲ ಸೇರಿ ಬರಬೇಕಾದ ತೂಕದ ಇಮ್ಮಡಿಗೂ ಮೇಲೆ. ಪಕ್ಕದಲ್ಲಿ ಅಳತೆಪಟ್ಟಿಯನ್ನು ನೇರವಾಗಿ ನಿಲ್ಲಿಸಿ ತಲೆಯ ತಂತಿಯ ತುದಿ ಎಲ್ಲಿದೆ ಎಂದು ಗುರುತು ಮಾಡಿ ಒಂದು ಗಂಟೆ ಬಿಡಬೇಕು. ಹೊರೆ ಇರುವಾಗ ತುದಿ 1 ಮಿ.ಮೀ. ಇಳಿದರೆ ಚಿಂತೆಯಿಲ್ಲ. ಹೊರೆ ತೆಗೆದ ಮೇಲೆ ಅದು ಹಳೆಯ ಗುರುತಿಗೇ ಮರಳಬೇಕು. ಮರಳದಿದ್ದರೆ ತಂತಿ ಶಾಶ್ವತವಾಗಿ ಬಗ್ಗಿದೆ ಎಂದರ್ಥ. ಒಲೆಯಲ್ಲಿ ಇನ್ನೂ ಬಗ್ಗುತ್ತದೆ.

ಇಲ್ಲಿ ತಲೆಯ ತುದಿ ಗುರುತಿಗೆ ಮರಳಿತು, ಎತ್ತಿದ ಮಂಡಿ ಮರಳಲಿಲ್ಲ, 3 ಮಿ.ಮೀ. ಕೆಳಗೆ ಉಳಿಯಿತು. ಸೊಂಟದ ಕೀಲಿನಿಂದ ತೊಡೆಯ ನಡುವಿನವರೆಗೆ 2 ಮಿ.ಮೀ. ಜಿಐ ತುಂಡೊಂದನ್ನು ಹುರಿಗೆ ಜೋಡಿಸಿ ಕಟ್ಟಿದ ಮೇಲೆ ಅದೂ ನಿಂತಿತು. ಕೊನೆಗೆ ತಲೆಯ ತಂತಿಯನ್ನು ಬೆರಳಿನಿಂದ ಮೀಟಿ ನೋಡಬೇಕು. ತಂಬೂರಿಯ ತಂತಿಯಂತೆ ಬಹಳ ಹೊತ್ತು ನಡುಗುವ ಹಂದರದ ಮೇಲೆ ಮುಖ ತಿದ್ದುವುದು ಸಾಧ್ಯವಿಲ್ಲ.

ಫಾಯಿಲ್ ಮತ್ತು ಮೊದಲ ಪದರ

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಅಂಗೈ ಅಗಲದ ತುಂಡುಗಳನ್ನು ಸುಕ್ಕುಗಟ್ಟಿಸಿ ತಂತಿಗೆ ಸುತ್ತಿ, ಒಂದೊಂದು ಪದರವನ್ನೂ ಇಕ್ಕಳದ ಹಿಡಿಯಿಂದ ತಟ್ಟಿ ತಟ್ಟಿ ಬಿಗಿ ಮಾಡಬೇಕು. ಉಗುರು ಒತ್ತಿದರೆ ತಗ್ಗಬಾರದು, ತಟ್ಟಿದರೆ ಮರದ ಸದ್ದು ಬರಬೇಕು. ಎದೆಗೆ 35×22×14 ಮಿ.ಮೀ. ಮೊಟ್ಟೆಯಾಕಾರ, ತಲೆಗೆ 20×14 ಮಿ.ಮೀ., ಸೊಂಟ ಮತ್ತು ತೊಡೆಗಳಿಗೆ ಕಸೆಯ ಉಬ್ಬಿಗೆ ತಕ್ಕಂತೆ. ಗುರಿ ಇಷ್ಟೇ: ಎಲ್ಲೂ ಕ್ಲೇಯ ದಪ್ಪ 8 ಮಿ.ಮೀ. ಮೀರಬಾರದು, ಎಲ್ಲೂ 3ಕ್ಕಿಂತ ಇಳಿಯಬಾರದು. ದಪ್ಪ ಒಂದೇ ಸಮವಿದ್ದರೆ ಬಿಸಿಯೂ ಸಮವಾಗಿ ಒಳಗಿಳಿಯುತ್ತದೆ. ತೂಕ 410ರಿಂದ 265 ಗ್ರಾಂಗೆ ಇಳಿದದ್ದು ಬಹುಪಾಲು ಫಾಯಿಲಿನಿಂದಲೇ. 265ನ್ನು 0.4 ಸೆಂ.ಮೀ.ಗೆ ಗುಣಿಸಿದರೆ 106, ಕಾಲಗಂಟಿನ ಮೇಲಿನ ಬಗ್ಗಿಸುವ ಬಲ ಮೊದಲಿನದರ ಏಳನೆಯ ಒಂದು ಭಾಗ. ಥರ್ಮೊಕೋಲನ್ನು ತಿರುಳಾಗಿ ಬಳಸಲೇಬಾರದು, ಅದು ಒಲೆಯ ಬಿಸಿಗೆ ಕುಸಿಯುತ್ತದೆ.

ಫಾಯಿಲ್ ಮತ್ತು ತಂತಿಯ ಮೇಲೆ ಫೆವಿಕಾಲ್‌ನಂಥ ಬಿಳಿ ಅಂಟಿನ ತೆಳು ಲೇಪ ಕೊಟ್ಟರೆ ಕ್ಲೇ ಜಾರದೆ ಕೂರುತ್ತದೆ. ಲೇಪ ಗಾಜಿನಂತೆ ತಿಳಿಯಾಗುವವರೆಗೆ ಒಣಗಬೇಕು. ಮಳೆಗಾಲದಲ್ಲಿ ಒಂದು ಪೂರ್ತಿ ದಿನ. ಬಿಳಿ ಉಳಿದಿದ್ದರೆ ನೀರು ಉಳಿದಿದೆ, ನೀರು ಉಳಿದರೆ ಗುಳ್ಳೆ ಏಳುತ್ತದೆ.

ಮೊದಲ ಪದರ 3 ಮಿ.ಮೀ. ಮಾತ್ರ. ಕ್ಲೇಯನ್ನು ಚಪಾತಿಯಂತೆ ಹೊದಿಸಿದರೆ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗೋಲಿಗಿಂತ ಚಿಕ್ಕ ಉಂಡೆಗಳನ್ನು ನಡುವಿನಿಂದ ಅಂಚಿಗೆ ಒತ್ತುತ್ತ ಹೋಗಬೇಕು. ಬೇಸಿಗೆಯ ಸೆಕೆಗೆ ಕ್ಲೇ ಬೆಣ್ಣೆಯಾದರೆ ಅದನ್ನು ತೆಳುವಾಗಿ ಲಟ್ಟಿಸಿ ಎರಡು ಬಿಳಿ ಹಾಳೆಗಳ ನಡುವೆ ಕೆಲವು ಗಂಟೆ ಇಟ್ಟರೆ ಹಾಳೆ ಸ್ವಲ್ಪ ಎಣ್ಣೆ ಹೀರಿ ಹದಕ್ಕೆ ತರುತ್ತದೆ. ಈ ಪದರವನ್ನು ಹಾಗೇ 130 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿದರೆ ಒಳಗೆ ಗಟ್ಟಿ ಚಿಪ್ಪು ಸಿದ್ಧ. ಮುಂದೆ ಎಷ್ಟು ಒತ್ತಿದರೂ ಆಕಾರ ಕದಲುವುದಿಲ್ಲ. ಒಂದೇ ಸಲಕ್ಕೆ ಎಲ್ಲ ಮುಗಿಸುವ ಆಸೆಯನ್ನು ಬಿಡುವುದು ಒಳ್ಳೆಯದು. ಬಿಸಿ ಮಿತಿಯಲ್ಲಿದ್ದರೆ ಮೂರ್ನಾಲ್ಕು ಸಲ ಬೇಯಿಸಿದರೂ ಕ್ಲೇಗೆ ಹಾನಿಯಿಲ್ಲ.

ಬೇಯಿಸುವ ಬಿಸಿ ಕ್ಲೇಯ ಜಾತಿಯನ್ನು ಅವಲಂಬಿಸಿದೆ. ಸೂಪರ್ ಸ್ಕಲ್ಪಿ ಪೊಟ್ಟಣದ ಮೇಲೆ 130 ಡಿಗ್ರಿ, ಪ್ರತಿ 6 ಮಿ.ಮೀ. ದಪ್ಪಕ್ಕೆ 15 ನಿಮಿಷ ಎಂದಿರುತ್ತದೆ. ಫಿಮೋಗೆ 110 ಡಿಗ್ರಿ, 30 ನಿಮಿಷ. ಎರಡನ್ನು ಬೆರೆಸಿದರೆ ಗೊಂದಲ. ಒಟಿಜಿಯ ಗುಂಡಿಯನ್ನು ನಂಬದೆ ಒಲೆಯ ಥರ್ಮಾಮೀಟರನ್ನು ಮೂರ್ತಿಯ ಎದೆಯ ಎತ್ತರದಲ್ಲಿ ಇಡಬೇಕು. ಇಲ್ಲಿ ಗುಂಡಿ 130 ತೋರಿಸುವಾಗ ಎದೆಯ ಮಟ್ಟದಲ್ಲಿ 145 ಇತ್ತು. ಗುಂಡಿಯನ್ನು 115ರ ಸುಮಾರಿಗೆ ಇಳಿಸಿದಾಗ ಸರಿಹೋಯಿತು. ಜಾಲರಿಯ ಮೇಲೆ ಒಂದು ನೆಲದ ಟೈಲ್ ಇಟ್ಟರೆ ಬಿಸಿಯ ಏರಿಳಿತ ಕಡಿಮೆ. ಮೂರ್ತಿಯ ಮೇಲೆ ಫಾಯಿಲಿನ ಸಡಿಲ ಗುಡಾರ, ಎತ್ತಿದ ಪಾದದ ಕೆಳಗೆ ಮುದ್ದೆ ಫಾಯಿಲಿನ ಆಸರೆ. ಬೆಂದ ಮೇಲೆ ಬಾಗಿಲು ತೆರೆಯದೆ ಒಲೆಯಲ್ಲೇ ತಣಿಯಲು ಬಿಡಬೇಕು.

ಮುಂದಲೆ ಬೇರೆ, ಮೈ ಬೇರೆ

ಕೇದಗೆ ಮುಂದಲೆಯನ್ನು ಬಿಗಿ ಫಾಯಿಲಿನ ತಿರುಳಿಗೆ 3 ಮಿ.ಮೀ. ಕ್ಲೇ ಹೊದಿಸಿ ಪ್ರತ್ಯೇಕವಾಗಿ ಬೇಯಿಸಲಾಯಿತು. ಅದರ ಅಡಿಯಿಂದ 2 ಮಿ.ಮೀ. ಅಲ್ಯೂಮಿನಿಯಂ ಮೊಳೆ 12 ಮಿ.ಮೀ. ಹೊರಚಾಚುತ್ತದೆ, ನೆತ್ತಿಯಲ್ಲಿ ಅದಕ್ಕೆ ತಕ್ಕ ತೂತನ್ನು ಹಸಿಯಲ್ಲೇ ಬಿಡಲಾಗಿತ್ತು. ಮುಂದಲೆಯಿಲ್ಲದ ಮೂರ್ತಿ ಪೀಠ ಸೇರಿ 23.5 ಸೆಂ.ಮೀ., ಕಾಯುವ ಕಡ್ಡಿಗೆ 5.5 ಸೆಂ.ಮೀ. ಅಂತರ ಸಿಕ್ಕಿತು, ಎಲ್ಲೂ ಕಂದಲಿಲ್ಲ.

ಎರಡನೆಯ ಬೇಯಿಸುವಿಕೆಯಲ್ಲಿ ಮುಖ, ಕಸೆ ಸೀರೆಯ ನೆರಿಗೆ, ಪಾದಗಳು, 30 ನಿಮಿಷ. ಬೆಂದ ಚಿಪ್ಪಿನ ಮೇಲೆ ಹಸಿ ಕ್ಲೇ ಹಿಡಿಯಲು ದ್ರವ ಪಾಲಿಮರ್ ಕ್ಲೇಯನ್ನು ಬೆರಳಿನಿಂದ ತೆಳ್ಳಗೆ ಸವರಿಕೊಳ್ಳಬೇಕು. ಮೂರನೆಯದರಲ್ಲಿ ಎದೆಕಟ್ಟು, ಭುಜಕೀರ್ತಿ, ಗೆಜ್ಜೆ, 20 ನಿಮಿಷ.

ಎರಡನೆಯ ಮೂರ್ತಿಯೂ ಪೂರ್ತಿ ನಿರ್ದೋಷವಲ್ಲ. ಎರಡನೆಯ ಸಲ ತಣಿದ ಮೇಲೆ ಬಿಲ್ಲಿನ ಕೈಯ ಮೊಣಕೈ ಹಿಂದೆ 6 ಮಿ.ಮೀ. ಉದ್ದದ ಕೂದಲುಸೀಳು ಕಂಡಿತು. ಭಂಗಿ ಕೊಡುವಾಗ ಹುರಿ ಹೊರಬದಿಗೆ ಸರಿದು ಅಲ್ಲಿ ಒಂದೂವರೆ ಮಿ.ಮೀ. ಪದರ ಮಾತ್ರ ಉಳಿದಿತ್ತು. ಇದನ್ನು ಕ್ಲೇ ಹಚ್ಚುವ ಮೊದಲೇ ಹಿಡಿಯಬಹುದಿತ್ತು: ಹಂದರವನ್ನು ಚಿತ್ರದ ಮೇಲೆ ಮಲಗಿಸಿದಾಗ ತಂತಿ ಕೈಯ ನಡುಗೆರೆಯಲ್ಲಿದೆಯೇ ಎಂದು ಎದುರಿನಿಂದ ನೋಡಲಾಗಿತ್ತು, ಪಕ್ಕದಿಂದ ನೋಡಿರಲಿಲ್ಲ. ಸೀಳಿಗೆ ದ್ರವ ಕ್ಲೇಯನ್ನು ಸೂಜಿಯಿಂದ ತುಂಬಿ, ಮೇಲುಳಿದದ್ದನ್ನು ಒರೆಸಿ, ದಗಲೆಯ, ಎಂದರೆ ವೇಷದ ಅಂಗಿಯ, ತೋಳಿನ ಒಂದು ಮಡಿಕೆಯನ್ನು 1.5 ಮಿ.ಮೀ. ದಪ್ಪದಲ್ಲಿ ಅದರ ಮೇಲೆ ಹಾಯಿಸಿ ಮೂರನೆಯ ಸಲದಲ್ಲೇ ಬೇಯಿಸಲಾಯಿತು. ಸೀಳು ಮತ್ತೆ ತೆರೆಯಲಿಲ್ಲ. ಎಲ್ಲ ಬೇಯಿಸಿ ಮುಗಿದ ನಂತರ ಕಂಡ ಸೀಳಾದರೆ ಸೂಪರ್ ಗ್ಲೂ ನಡೆಯುತ್ತದೆ, ಮುನ್ನ ನಡೆಯದು.

ಕೊನೆಗೆ ಕೆಲಸದ ಪೀಠದಡಿ ಮಡಚಿದ್ದ ತುದಿಗಳನ್ನು ಒಂದೇ ಸಲಕ್ಕೆ ನಿಧಾನವಾಗಿ ನೇರ ಮಾಡಿ, ಮೂರ್ತಿಯನ್ನು ಮಂಡಿ ಹಿಡಿಯದೆ ಪಾದದ ಬಳಿಯೇ ಹಿಡಿದು ಎತ್ತಿ, ತಂತಿಗಳನ್ನು 25 ಮಿ.ಮೀ.ಗೆ ಕತ್ತರಿಸಲಾಯಿತು. 30 ಮಿ.ಮೀ. ದಪ್ಪದ ಸಾಗುವಾನಿ ಪೀಠದಲ್ಲಿ ಹಿಮ್ಮಡಿಗೆ 3 ಮಿ.ಮೀ., ಮುಂಗಾಲಿಗೆ 2.2 ಮಿ.ಮೀ. ತೂತು; ಎರಡಕ್ಕೂ ಎಪಾಕ್ಸಿ ಅಂಟು. ಅಂಟು ಹಿಡಿಯುವ ಮೊದಲು ಮತ್ತೊಮ್ಮೆ ತೂಗುಗುಂಡು ಬಿಟ್ಟು ನೋಡಿದಾಗ ದಾರ ಗೆಜ್ಜೆಯ ಮುಂಭಾಗವನ್ನು ಸವರಿಕೊಂಡು ಇಳಿಯಿತು. ಎರಡು ಪುಸ್ತಕಗಳ ನಡುವೆ ಆನಿಸಿ ಒಂದು ದಿನ ಬಿಟ್ಟ ಮೇಲೆ ಮುಂದಲೆಯ ಮೊಳೆಯನ್ನು ನೆತ್ತಿಗೆ ಕೂರಿಸಿ, ಬಿಲ್ಲಿಗೆ ಹೆದೆಯ ದಾರ ಕಟ್ಟಲಾಯಿತು.